ಆಮಂತ್ರಣದ ಅಡಿಯಲ್ಲಿ ಅಕ್ಕ ಬರೆದದ್ದು

ಅಕ್ಕ ತೀರಿಕೊಂಡದ್ದರ ಹಿಂದಿನ ಸಂಜೆ ನಾವಿಬ್ಬರೂ ಸೇರಿ ಒಂದು ಮದುವೆ ಕಾಗದದ ಅಂಚು ಸರಿಮಾಡಿದೆವು. ನಾನು ಪೊನ್ನಂಪೇಟೆಯ ಕಚೇರಿಯಲ್ಲಿದ್ದೆ, ಅವಳು ನೆಲ್ಯಹುದಿಕೇರಿಯ ಮನೆಯಲ್ಲಿ. ಆ ಸಂಜೆ ಅವಳು ನನಗೆ ಬರೆದ ಒಂದು ಸಾಲು ಮತ್ತೆ ಸಿಗಬೇಕೆಂದು ನನಗೆ ಇಂದಿಗೂ ಆಸೆ.

ಮನೆಯ ಮುಂಗೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಕ್ಕ ಆಮಂತ್ರಣ ಪತ್ರಿಕೆಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಕಂಪ್ಯೂಟರ್ ಹಠ ಹಿಡಿದರೆ, ಕೆಲಸ ಮುಗಿದ ಮೇಲೆ ನಾನು ಕಚೇರಿಯಿಂದಲೇ ಇಂಟರ್‌ನೆಟ್ ಮೂಲಕ ಅದರೊಳಗೆ ಹೋಗಿ ಸರಿಪಡಿಸುತ್ತಿದ್ದೆ.

ಆಗ ಇಂಟರ್‌ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಸಂಪರ್ಕ ಸಿಕ್ಕಿದಾಗಲೆಲ್ಲ ಮನೆಯ ಕಂಪ್ಯೂಟರಿಗೆ ಹೊಸದೊಂದು ನಂಬರು. ಅದು ಗೊತ್ತಿಲ್ಲದೆ ನಾನು ಒಳಗೆ ಹೋಗುವಂತಿಲ್ಲ. ಅಕ್ಕ ಅದನ್ನು ಹೇಳಬೇಕೆಂದರೆ ಮನೆಯ ಫೋನನ್ನು ಇಂಟರ್‌ನೆಟ್ಟೇ ಹಿಡಿದುಕೊಂಡಿರುತ್ತಿತ್ತು. ಅದಕ್ಕೇ ಕಚೇರಿಯ ಇನ್ನೊಂದು ಫೋನಿನಿಂದ ಪಕ್ಕದ ಮನೆಯ ಮಲಯಾಳಿ ಚೇಚಿಗೆ ಕರೆಮಾಡುತ್ತಿದ್ದೆ. ಅಕ್ಕ ಕಿಟಕಿಯಿಂದ ನಂಬರು ಕೂಗುವಳು, ಚೇಚಿ ಮಗನನ್ನು ಕರೆದಂತೆ ‘ಮೋನೇ’ ಎನ್ನುತ್ತ ನನಗೆ ದಾಟಿಸುವರು.

“ಮೋನೇ, ಬರ್ಕೋ. ಐವತ್ತೊಂಬತ್ತು, ಚುಕ್ಕೆ... ಶನಿವಾರ ನೀನು ಬರೋದುಂಟಾ?”

“ಬರ್ತೀನಿ ಚೇಚಿ. ಮುಂದಿನದು ಹೇಳಿ.”

ಹಿಂದಿನಿಂದ ಅಕ್ಕನ ದನಿ: “ಚೇಚೀ, ಅವನನ್ನ ಆಮೇಲೆ ಮುದ್ದು ಮಾಡಿ! ಲೈನ್ ಹೋದ್ರೆ ಮತ್ತೆ ಹೊಸ ನಂಬರ್ ಕೂಗ್ಬೇಕು ನಾನು.”

“ಕೂಗು. ಗಂಟಲು ಉಂಟಲ್ಲ ನಿಂಗೆ.”

ಕೊನೆಗೂ ಅಕ್ಕನ ಪರದೆ ನನ್ನ ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ನಾನು ಅಂಚು ಎಳೆಯುತ್ತಿದ್ದರೆ, ಅವಳು ಆಮಂತ್ರಣದ ಅಡಿಯಲ್ಲೇ ನನ್ನೊಡನೆ ಮಾತಿಗಿಳಿಯುತ್ತಿದ್ದಳು. ಮಾತೆಂದರೆ ಟೈಪ್ ಮಾಡುವುದು. ಬೇರೆ ಪುಟ ತೆರೆಯೆಂದರೆ ಕೇಳುತ್ತಿರಲಿಲ್ಲ. “ಅದು ಎಲ್ಲೋ ಹೋಗಿ ಕೂತ್ಕೊಳ್ಳುತ್ತೆ ಕಣೋ, ಆಮೇಲೆ ಯಾರು ಹುಡುಕ್ತಾರೆ?”

ಒಮ್ಮೆ ಅಳಿಸಲು ಮರೆತಳು. ‘ತಮ್ಮ ಸುಖಾಗಮನವನ್ನು ಬಯಸುವ’ ಎಂಬುದರ ಕೆಳಗೆ, ಬಂಧುಗಳ ಹೆಸರಿನ ಸಾಲಿನಲ್ಲಿ, ‘ಮತ್ತಿ ಮೀನು ತಂದಿದೀನಿ, ಬರದಿದ್ರೆ ಬೆಕ್ಕಿಗೆ’ ಎಂದು ಅಚ್ಚಾಗಿ ಪ್ರೂಫ್ ಪ್ರತಿ ಮದುವೆ ಹುಡುಗಿಯ ತಂದೆಯ ಕೈಸೇರಿತು.

“ಏನಮ್ಮಾ, ಮೀನೂಟದ ಖರ್ಚು ನಿಂದೋ ನಂದೋ?” ಎಂದು ಅವರು ಬಾಗಿಲಲ್ಲೇ ನಿಂತು ಕೇಳಿದರಂತೆ. ಅಕ್ಕ ಒಂದು ವಾರ ಅವರ ಮನೆಯ ದಾರಿಯಲ್ಲಿ ಹೋಗಲಿಲ್ಲ. ಅಂದಿನಿಂದ ನನಗೆ ಬರೆದದ್ದನ್ನು ಒಂದಕ್ಷರ ಬಿಡದೆ ಅಳಿಸಿದ ಮೇಲೆಯೇ ಫೈಲ್ ಉಳಿಸುತ್ತಿದ್ದಳು.

ಕೊನೆಯ ಸಂಜೆಯೂ ಏನೋ ಬರೆದಳು. ನನ್ನ ಕೂದಲಿನ ಬಗ್ಗೆಯೋ, ಸಿದ್ದಾಪುರದ ಬಸ್ಸಿನ ಬಗ್ಗೆಯೋ. ಕಚೇರಿಯಲ್ಲಿ ಒಬ್ಬನೇ ಕುಳಿತು ಜೋರಾಗಿ ನಕ್ಕದ್ದು ನೆನಪಿದೆ, ಏನು ಬರೆದಳೆಂಬುದು ನೆನಪಿಲ್ಲ. ನೋಡುತ್ತಿದ್ದಂತೆ ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಅಳಿದುಹೋದವು.

ಮರುದಿನ ಬೆಳಿಗ್ಗೆ ಚೇಚಿಯೇ ಫೋನ್ ಮಾಡಿದರು. ಒಲೆಯ ಮುಂದೆ ಕುಸಿದಳಂತೆ, ಹೃದಯ ನಿಂತಿತ್ತು.

ಆ ಕಂಪ್ಯೂಟರನ್ನು ನಾನು ಯಾರಿಗೂ ಕೊಡಲಿಲ್ಲ. ಈ ವರ್ಷ ರಿಪೇರಿ ಮಾಡಿಸಿ ಒಂದೊಂದೇ ಫೈಲ್ ತೆರೆದು ಪುಟದ ಅಡಿಯವರೆಗೂ ನೋಡಿದೆ. ಈಗ ಬೆಳೆದ ಮಕ್ಕಳಿರುವವರ ಮದುವೆಗಳೆಲ್ಲ ಅಲ್ಲಿವೆ. ಒಂದು ಒತ್ತಕ್ಷರವೂ ತಪ್ಪಿಲ್ಲ. ಅಕ್ಕ ನನಗೆಂದು ಬರೆದದ್ದು ಒಂದು ಸಾಲೂ ಇಲ್ಲ.