ಫ್ರೀಜರಿನಲ್ಲಿಟ್ಟ ಅತ್ತೆಯ ದನಿ

ಸತ್ತವರು ಬಂದು ಮಾತಾಡಿಸುತ್ತಾರೆ ಎನ್ನುವುದನ್ನೆಲ್ಲ ನಾನು ನಂಬಿದವಳಲ್ಲ. ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದುವಾಗ, ಹಿಂದಿನ ಮೆಟ್ಟಿಲ ಮೇಲೆ ಬಿಳಿ ಬಟ್ಟೆಯ ಸಿಸ್ಟರ್ ಒಬ್ಬರು ಕೂತಿರುತ್ತಾರೆಂದು ಹುಡುಗಿಯರು ಹೆದರಿಸುತ್ತಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಹೋಗಿ ಅಲ್ಲೇ ಕೂತು ಚಿತ್ರಾನ್ನ ತಿಂದು ಬಂದಿದ್ದೆ. ಒಂದು ಪಾರಿವಾಳ ಬಿಟ್ಟರೆ ಯಾರೂ ಇರಲಿಲ್ಲ. ಆಮೇಲೂ ಯಾರಾದರೂ ಇಂಥ ಕಥೆ ತೆಗೆದರೆ ಕಾಫಿ ಮಾಡುವ ನೆವದಲ್ಲಿ ಎದ್ದು ಹೋಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ಸಂಕೋಚವೇ ಆಗುತ್ತಿದೆ. ನೀವು ನಂಬಲೇಬೇಕೆಂದೇನಿಲ್ಲ. ನಡೆದದ್ದನ್ನು ನಡೆದ ಹಾಗೆ ಒಮ್ಮೆ ಯಾರಿಗಾದರೂ ಹೇಳಬೇಕು ಎನಿಸಿದೆ, ಅಷ್ಟೆ.

ನಮ್ಮ ಮನೆ ಹಲಸೂರಿನಲ್ಲಿ. ನಮ್ಮ ಯಜಮಾನರು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ ಒಂಬತ್ತಕ್ಕೆ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇಡೀ ದಿನ ಇರುತ್ತಿದ್ದವರು ನಾನು ಮತ್ತು ನಮ್ಮ ಅತ್ತೆ. ಅವರು ಕೆ.ಆರ್. ಪುರದ ಆಚೆಯ ಹಳ್ಳಿಯವರು, ಹೊಲ ಗೇಯ್ದು ಬೆಳೆದವರು. ಓದು ಬರಹ ಬರುತ್ತಿರಲಿಲ್ಲ. ಆದರೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು ಅವರ ಬಾಯಲ್ಲಿತ್ತು. ಶುರುವಿನಲ್ಲಿ ನನ್ನ ಕಾನ್ವೆಂಟ್ ಕನ್ನಡ ಕೇಳಿ ಅವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನ್ನನ್ನು ಅಮ್ಮಣ್ಣಿ ಎಂದೇ ಕರೆಯುತ್ತಿದ್ದರು. ವರ್ಷಗಳು ಕಳೆದಂತೆ ಅವರಿಲ್ಲದೆ ನನಗೆ ಮಧ್ಯಾಹ್ನ ಕಳೆಯುವುದೇ ಕಷ್ಟ ಎನ್ನುವ ಹಾಗಾಯಿತು.

ಯಜಮಾನರ ಆಫೀಸಿನವರು ಹಳೆಯ ಲ್ಯಾಪ್‌ಟಾಪ್ ಒಂದನ್ನು ಮನೆಗೆ ಕೊಟ್ಟಾಗ, ಅದರಲ್ಲಿ ಧ್ವನಿ ಹಿಡಿಯಬಹುದೆಂದು ತಿಳಿದು ಅತ್ತೆಯನ್ನು ಅದರ ಮುಂದೆ ಕೂರಿಸಿದೆ. ಹಾಡು, ಉಪ್ಪಿನಕಾಯಿಯ ಹದ, ಹಳ್ಳಿಯ ಜಗಳಗಳು, ಏನು ಹೇಳಿದರೂ ಹಿಡಿದಿಟ್ಟೆ. ಒಟ್ಟು ನಲವತ್ತೊಂದು. ಪ್ರತಿಯೊಂದಕ್ಕೂ ನಂಬರು ಕೊಟ್ಟು, ಯಾವ ದಿನ, ಏನು ವಿಷಯ, ಎಷ್ಟು ನಿಮಿಷ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದೆ. ಸಿಸ್ಟರ್‌ಗಳು ಕಲಿಸಿದ ಅಭ್ಯಾಸ.

ಅತ್ತೆ ಎರಡೇ ದಿನದ ಜ್ವರಕ್ಕೆ ಹೋಗಿಬಿಟ್ಟರು. ವರ್ಷದ ತಿಥಿ ಮುಗಿಯುವ ತನಕ ಮನೆಯಲ್ಲಿ ಹಬ್ಬವಿರಲಿಲ್ಲ. ಅದಾದ ಮೇಲೆ ಬಂದ ಮೊದಲ ಆಯುಧಪೂಜೆಯಲ್ಲಿ ನಾನೊಂದು ತಪ್ಪು ಮಾಡಿದೆ. ಪ್ರತಿ ವರ್ಷ ಆರತಿ ಹಾಡು ಹೇಳುತ್ತಿದ್ದವರು ಅವರೇ. ಈ ಸಲವೂ ಅವರೇ ಹೇಳಲಿ ಎಂದು, ಹೊಲಿಗೆ ಯಂತ್ರ, ಕತ್ತರಿ, ಈಳಿಗೆಮಣೆಯ ಸಾಲಿನಲ್ಲಿ ಲ್ಯಾಪ್‌ಟಾಪನ್ನೂ ಇಟ್ಟು, ಅದೇ ಹಾಡು ಮತ್ತೆ ಮತ್ತೆ ಬರುವಂತೆ ಮಾಡಿದೆ. ಕುಂಕುಮ ಇಟ್ಟೆ, ರೇಷ್ಮೆಯ ರವಿಕೆ ಕಣ ಹೊದಿಸಿದೆ, ಮೇಲೆ ಚೆಂಡುಹೂವಿನ ದಪ್ಪ ಹಾರ. ಪೂಜೆಗಿಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ನಮ್ಮಲ್ಲಿ ಮುಟ್ಟುವುದಿಲ್ಲ. ಹಾಡು ನಡುವೆ ನಿಂತದ್ದು ಕಿವಿಗೆ ಬಿದ್ದರೂ ನಾನು ಮುಟ್ಟಲಿಲ್ಲ. ಬೆಳಿಗ್ಗೆ ಬಟ್ಟೆ ತೆಗೆದಾಗ ಅದು ಕಾದ ಹೆಂಚಿನ ಹಾಗಿತ್ತು. ಪರದೆ ಕಪ್ಪಗಿತ್ತು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಮಾತ್ರ ಬರುತ್ತಿತ್ತು. ಬೇರೆ ಕಡೆ ಪ್ರತಿ ಮಾಡಿಟ್ಟಿರಲಿಲ್ಲ. ಹಬ್ಬ ಮುಗಿಯಲಿ, ಸಿ.ಡಿ.ಗೆ ಹಾಕಿಸೋಣ ಎಂದವಳು ನಾನೇ.

ಶಿವಾಜಿನಗರದಲ್ಲಿ ಇಂಥದ್ದನ್ನು ನೋಡುವ ರಫೀಕ್ ಸಾಹೇಬರೆಂಬ ವಯಸ್ಸಾದವರೊಬ್ಬರಿದ್ದರು. ಅವರು ತಳ ಬಿಚ್ಚಿ, ಗಾಳಿಕಿಂಡಿಯಲ್ಲಿದ್ದ ಕುಂಕುಮವನ್ನು ಬೆರಳಿಗೆ ಒತ್ತಿಕೊಂಡು ನೋಡಿದರು.

"ಏನ್ ಮೇಡಂ, ಇದಕ್ಕೆ ಮದ್ವೆ ಮಾಡಿ ಕರ್ಕೊಂಡ್ ಬಂದಿದ್ದೀರಾ?"

"ಪೂಜೆಗೆ ಇಟ್ಟಿದ್ದೆ. ಅದರಲ್ಲಿ ನಮ್ಮತ್ತೆ ಧ್ವನಿ ಇದೆ."

ಅವರು ನಗುವುದನ್ನು ನಿಲ್ಲಿಸಿದರು. ಆಯಸ್ಸು ಮುಗಿಯುತ್ತಾ ಬಂದ ಹಾರ್ಡ್ ಡಿಸ್ಕನ್ನು ಚಳಿಯಲ್ಲಿಟ್ಟರೆ ಒಂದೊಂದು ಸಲ ಐದಾರು ನಿಮಿಷ ಎದ್ದು ಕೂರುತ್ತದಂತೆ. ಅಷ್ಟರಲ್ಲಿ ಸಿಕ್ಕಷ್ಟನ್ನು ಬೇರೆ ಕಂಪ್ಯೂಟರಿಗೆ ಎತ್ತಿಕೊಳ್ಳಬೇಕು. ಅಂಗಡಿಯಲ್ಲಿ ಫ್ರಿಜ್ ಇಲ್ಲ, ಮನೆಯಲ್ಲೇ ಮಾಡಿ ಎಂದು ಅದನ್ನು ಬಿಚ್ಚಿ, ಹೊರಗಿನಿಂದ ಜೋಡಿಸುವ ಒಂದು ಪುಟ್ಟ ಡಬ್ಬಿಗೆ ಹಾಕಿಕೊಟ್ಟರು. ಎತ್ತಿಕೊಳ್ಳಲು ಅವರ ಬಳಿಯೇ ಒಂದು ಹಳೆಯ ಕಂಪ್ಯೂಟರ್ ಕೊಂಡೆ.

"ಎರಡು ಕವರ್ ಸುತ್ತಿ ಇಡಿ, ನೀರ್ ಇಳೀಬಾರ್ದು. ಮೀನಿನ ಪಕ್ಕ ಇಡ್ಬೇಡಿ."

"ಬಟಾಣಿ ಪಕ್ಕ ಇಡಬಹುದಾ?"

"ಬಟಾಣಿ ಓಕೆ. ಆದ್ರೆ ಮೇಡಂ, ಒಂದ್ ಮಾತು. ಸಿಕ್ತಲ್ಲ ಅಂತ ಅಲ್ಲೇ ಕೇಳ್ತಾ ಕೂತ್ಕೋಬೇಡಿ. ಮೊದ್ಲು ಕಾಪಿ ಮಾಡಿ. ಅಳೋದು ಆಮೇಲೆ."

ಹಾಗೆ ಶುರುವಾಯಿತು. ಬೆಳಿಗ್ಗೆ ಯಜಮಾನರನ್ನು ಕಳಿಸಿದ ಮೇಲೆ ಪೊಟ್ಟಣವನ್ನು ಫ್ರೀಜರಿಗೆ ಇಡುವುದು, ಮಧ್ಯಾಹ್ನ ತೆಗೆದು ಜೋಡಿಸುವುದು. ಕೆಲವು ದಿನ ಎರಡು ಸಿಗುತ್ತಿತ್ತು, ಕೆಲವು ದಿನ ಒಂದು, ಹಲವು ದಿನ ಏನೂ ಇಲ್ಲ. ಸಿಕ್ಕಿದ್ದಕ್ಕೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಆ ದಸರಾ ಕಳೆದ ಮೇಲೆಯೇ ನಮ್ಮ ರಸ್ತೆಯ ತುದಿಯಲ್ಲಿ ಮೆಟ್ರೊ ಕಂಬಗಳ ಕೆಲಸವೂ ಶುರುವಾಗಿತ್ತು. ದೊಡ್ಡ ಯಂತ್ರವೊಂದು ನೆಲಕ್ಕೆ ಗುದ್ದುತ್ತಿತ್ತು. ಒಂದೊಂದು ಗುದ್ದಿಗೂ ಅಡುಗೆಮನೆಯ ಸ್ಟೀಲ್ ಲೋಟಗಳು ಸಣ್ಣಗೆ ಕಿಣಿ ಎನ್ನುತ್ತಿದ್ದವು. ಇದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ. ಆ ಯಂತ್ರ ಬಂದದ್ದು ಅತ್ತೆ ಹೋದ ಒಂದು ವರ್ಷದ ಮೇಲೆ, ಲ್ಯಾಪ್‌ಟಾಪ್ ಕೆಟ್ಟ ಮೇಲೆ.

ಮೂವತ್ತೇಳು ಕೈಗೆ ಬಂದವು. ಆಮೇಲೆ ಹತ್ತು ದಿನ ಡಿಸ್ಕ್ ಏಳಲೇ ಇಲ್ಲ. ಉಳಿದ ನಾಲ್ಕರಲ್ಲಿ ಆರತಿಯ ಹಾಡೂ ಒಂದು. ನನ್ನ ಕೈಯಾರೆ ಸುಟ್ಟೆನಲ್ಲ ಎಂದು ಬಟಾಣಿ ಸುಲಿಯುತ್ತಾ, ಬಟ್ಟೆ ಮಡಿಸುತ್ತಾ ಅದೇ ಯೋಚನೆ. ಯಜಮಾನರು ಮಾತ್ರ, "ಬಿಡೇ, ಮೂವತ್ತೇಳು ಬಂತಲ್ಲ, ಅಮ್ಮ ಬದುಕಿದ್ದಾಗ್ಲೂ ನಾನಷ್ಟು ಕೇಳಿರ್ಲಿಲ್ಲ" ಅಂದರು. ಸಮಾಧಾನಕ್ಕೇ ಅಂದಿರಬೇಕು. ನನಗೆ ಅದರಿಂದ ಇನ್ನೂ ಸಂಕಟವಾಯಿತು.

ಹನ್ನೊಂದನೆಯ ದಿನ, ಒಂದು ಗುರುವಾರ, ಮಟಮಟ ಮಧ್ಯಾಹ್ನ. ಊಟಕ್ಕೆ ಕೂರದೆ ಮೊದಲು ಪೊಟ್ಟಣ ತೆಗೆದು ಜೋಡಿಸಿದೆ. ಟಿಕ್ ಟಿಕ್ ಇರಲಿಲ್ಲ. ಹೊಸದರ ಹಾಗೆ ಸದ್ದಿಲ್ಲದೆ ತಿರುಗಿತು. ಪರದೆಯ ಮೇಲೆ ಪಟ್ಟಿ ಬಂತು, ಆದರೆ ಅದರಲ್ಲಿ ಇದ್ದದ್ದು ಒಂದೇ ಹೆಸರು: "ಅತ್ತೆ ೪೨".

ನನ್ನ ನೋಟ್‌ಬುಕ್ಕಿನಲ್ಲಿ ನಲವತ್ತೆರಡು ಇರಲಿಲ್ಲ. ಇಷ್ಟು ದಿನ ಆ ಪಟ್ಟಿಯನ್ನು ನೋಡಿದ್ದೆ, ಅದರಲ್ಲೂ ಇರಲಿಲ್ಲ. ಅದರ ತಾರೀಖೋ ನಾನು ಹೈಸ್ಕೂಲಿನಲ್ಲಿದ್ದ, ಅತ್ತೆಯನ್ನು ಇನ್ನೂ ಕಂಡೇ ಇರದ ಕಾಲದ್ದು. ಯೋಚಿಸುತ್ತಾ ಕೂರದೆ ಕಾಪಿ ಮಾಡಿದೆ. ಮುಗಿದ ಕ್ಷಣವೇ ಡಿಸ್ಕ್ ಒಮ್ಮೆ ಕರ್ ಎಂದು ನಿಂತಿತು. ಮತ್ತೆಂದೂ ಏಳಲಿಲ್ಲ.

ಆಮೇಲೆ ಹಾಕಿ ಕೇಳಿದೆ.

ಮೊದಲು ಒಂದು ಕೆಮ್ಮು. ಅತ್ತೆಯದೇ, ಆ ಒಣ ಕೆಮ್ಮನ್ನು ನಾನು ಹದಿನಾರು ವರ್ಷ ಕೇಳಿದ್ದೇನೆ. ನಂತರ ಮಾತು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಆಡುತ್ತಿದ್ದ ಹಾಗೆ.

"ಅಮ್ಮಣ್ಣಿ, ಉಂಡ್ಯಾ?" ಯಾರೋ ಉತ್ತರ ಹೇಳುವಷ್ಟು ಬಿಡುವು. "ಮೂರು ಗಂಟೆಗಾ ಉಣ್ಣೋದು? ತಣ್ಣಗಾದ ಅನ್ನ ಅದು. ಬಿಸಿ ಮಾಡ್ಕೊ."

ಅದರ ಹಿಂದೆ, ದೂರದಲ್ಲಿ, ಗುದ್ದು. ಎಣಿಸಿದ ಹಾಗೆ ಒಂದೇ ಅಂತರದಲ್ಲಿ. ಪ್ರತಿ ಗುದ್ದಿಗೂ ಲೋಟಗಳ ಕಿಣಿ. ಹೊರಗಿನ ಸದ್ದು ಬೆರೆತಿರಬೇಕೆಂದು ನಿಲ್ಲಿಸಿ ಕಿವಿಗೊಟ್ಟೆ. ಹೊರಗೆ ಆಗ ಕೆಲಸದವರ ಊಟದ ಬಿಡುವು, ಯಂತ್ರ ಸುಮ್ಮನಿತ್ತು. ಮತ್ತೆ ಹಾಕಿದೆ.

"ಅದೇನಮ್ಮಣ್ಣಿ ದಬ್ ದಬ್ ಅಂತ? ರಸ್ತೇನೆಲ್ಲಾ ಅಗೀತಾವ್ರಾ?" ಮತ್ತೆ ಅಂಥದೇ ಬಿಡುವು. "ಅಯ್ಯೋ, ಮಾಡ್ಕೊಳ್ಳಿ ಬಿಡು."

ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ಹೆದರಿಕೆ ಎನ್ನಲಾರೆ. ಅವರ ದನಿಗೆ ನಾನು ಹೆದರುವುದೇ? ಆದರೂ ಎದ್ದು ಹೋಗಿ ಬೀದಿ ಬಾಗಿಲು ತೆಗೆದಿಟ್ಟು ಬಂದೆ.

ರಾತ್ರಿ ಯಜಮಾನರಿಗೂ ಹಾಕಿ ಕೇಳಿಸಿದೆ. ತಾಯಿಯ ದನಿ ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಹಿಂದೆ ಪಕ್ಕದ ಮನೆ ಕಟ್ಟುವಾಗಿನ ಸದ್ದಿರಬೇಕು, ನೀನೇ ಹಿಡಿದು ಬರೆಯಲು ಮರೆತಿದ್ದೀಯ ಅಂದರು. ಆಗಿರಬಹುದು. ಆದರೆ ಪಕ್ಕದ ಮನೆ ಕಟ್ಟುವಾಗ ನಮ್ಮಲ್ಲಿ ಲ್ಯಾಪ್‌ಟಾಪೇ ಇರಲಿಲ್ಲ. ಇದನ್ನು ಅವರಿಗೆ ಹೇಳಿದೆ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ರಫೀಕ್ ಸಾಹೇಬರು ಡಿಸ್ಕನ್ನು ಬಿಚ್ಚಿ ನೋಡಿ, ಒಳಗಿನ ತಟ್ಟೆ ಉದ್ದಕ್ಕೂ ಗೀಚಿಹೋಗಿದೆ, ಏಳದೆ ಹೋದ ಆ ಮೊದಲ ದಿನವೇ ಇದು ಮುಗಿದಿರಬೇಕು ಎಂದರು. ಗುರುವಾರ ಅದು ತಿರುಗಿದ್ದನ್ನು ಕಂಡವಳು ನಾನೊಬ್ಬಳೇ.

ನಾನು ಆ ಮಾತುಗಳಿಗೆ ಎಲ್ಲ ವಿವರಣೆಗಳನ್ನೂ ಹೊಂದಿಸಿ ನೋಡಿದ್ದೇನೆ. ನನ್ನ ಮರೆವು ಎಂದುಕೊಂಡರೆ ಅರ್ಧ ಹೊಂದುತ್ತದೆ, ಗುದ್ದಿನ ಸದ್ದಿಗೆ ಹೊಂದುವುದಿಲ್ಲ. ಅದನ್ನೂ ಬಿಟ್ಟುಬಿಡಬಹುದು. ಬಿಡಲಾಗದೇ ಇರುವುದು ಕೊನೆಯ ಭಾಗ.

ಅಲ್ಲಿ ಅತ್ತೆ ಕೇಳುತ್ತಾರೆ: "ಇಡೀ ದಿನ ಒಬ್ಬಳೇ ಇರ್ತೀಯಲ್ಲ, ಬೇಜಾರಾಗಲ್ವಾ ನಿಂಗೆ?"

ಆಮೇಲೆ ನಲವತ್ತು ಸೆಕೆಂಡು ಏನೂ ಇಲ್ಲ, ಗುದ್ದು ಮತ್ತು ಲೋಟಗಳ ಕಿಣಿ ಮಾತ್ರ. ಬದುಕಿದ್ದಾಗ ಅವರು ಈ ಪ್ರಶ್ನೆಯನ್ನು ನನಗೆ ಯಾವತ್ತೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ನಲವತ್ತು ಸೆಕೆಂಡಾದ ಮೇಲೆ ಅವರು ಸೆರಗಿನೊಳಗೆ ನಗುವುದು ಕೇಳಿಸುತ್ತದೆ.

"ಹಂಗಾದ್ರೆ ಸರಿ ಬಿಡು. ನಾನು ಸುಮ್ನೆ ಯೋಚ್ನೆ ಮಾಡ್ತಿದ್ದೆ."

ಅಷ್ಟಕ್ಕೇ ಮುಗಿಯುತ್ತದೆ. ಇಷ್ಟು ವರ್ಷಗಳಲ್ಲಿ ಎಷ್ಟೋ ಮಧ್ಯಾಹ್ನ ಅದನ್ನು ಹಾಕಿಕೊಂಡು ಕೂತಿದ್ದೇನೆ. ಪ್ರಶ್ನೆ ಬಂದಾಗ ನಾನೂ ಏನಾದರೊಂದು ಉತ್ತರ ಹೇಳುತ್ತೇನೆ. ಇಲ್ಲ ಅತ್ತೆ ಎಂದು ಹೇಳಿ ನೋಡಿದ್ದೇನೆ, ಹೌದು ಅತ್ತೆ ಎಂದೂ ಹೇಳಿ ನೋಡಿದ್ದೇನೆ. ಉದ್ದವಾಗಿ, ಒಂದೂ ಬಿಡದೆ, ಎಲ್ಲವನ್ನೂ ಹೇಳಿಕೊಂಡಿದ್ದೂ ಇದೆ. ಯಾವುದೂ ಅವರು ಹಾಗೆ ನಕ್ಕು ಸಮಾಧಾನಪಡುವಂಥ ಮಾತಲ್ಲ. ಆ ನಲವತ್ತು ಸೆಕೆಂಡಿನಲ್ಲಿ ನಾನು ಅವರಿಗೆ ಏನೆಂದು ಹೇಳಿದ್ದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.