ರೇನ್‌ಬೆನ್ನೂರಿನಲ್ಲಿ ನನ್ನ ನಿಯಮ

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ರಾಣೆಬೆನ್ನೂರಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ನನ್ನ ತರಬೇತಿಯಿಂದ ಎಂದು ಬ್ಯಾಡಗಿಯ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ನನ್ನನ್ನು ಹೊಗಳುವ ವಾದವನ್ನೂ ವಿರೋಧಿಸುವ ಚಟ ಹಾವೇರಿಯ ಕಾಲೇಜಿನ ಚರ್ಚಾಕೂಟಗಳಿಂದ ಅಂಟಿದ್ದು. ಆದರೆ ಇಲ್ಲಿ ನನ್ನ ಬಳಿ ಸಾಕ್ಷಿಯೂ ಇದೆ.

ವೈನಿ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಾಲ್ಕನೇ ತರಗತಿಗೆ ಒಂದು ಪಾಠ ಮಾಡಿ ತೋರಿಸಿ ಎಂದು ಆ ಶಾಲೆಯವರು ಕರೆದಿದ್ದರು. ಅಣ್ಣ, “ಇದೊಂದ್ ಸಲ ನೋಡು. ಆಗ್ಲಿಲ್ಲಂದ್ರ ಈ ನೌಕರಿ ಹುಚ್ಚು ಬಿಡು,” ಎಂದಿದ್ದ. ಹಿಂದಿನ ದಿನ ವೈನಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದಾಗ ಎದುರಿಗೆ ನಿಂತು ಭಾಷಣ ಶುರು ಮಾಡಿದೆ. ಕುಳಿತು ಮಾತಾಡಲು ನನಗೆ ಬರುವುದಿಲ್ಲ.

“ಶಬ್ದದ ಕೊನೆಗೆ ಇ ಬಂದ್ರ ಅದು ತಾನು ಸುಮ್ನಿರ್ತದ. ಹಿಂದಿನ ಸ್ವರದ ಕಡೆಯಿಂದ ಅದರ ಹೆಸರು ಹೇಳಸ್ತದ. ಸಿ-ಎ-ಪಿ ಕ್ಯಾಪ್, ಇ ಹಚ್ಚಿದ್ರ ಕೇಪ್. ಕಿಟ್ ಇದ್ದದ್ದು ಕೈಟ್. ಇಷ್ಟ ರೀ ವೈನಿ, ಇಂಗ್ಲಿಷ್ ಅಂದ್ರ.”

“ಎಚ್-ಎ-ವಿ-ಇ? ಹೇವ್ ಅನ್ಬೇಕೇನು?”

“ಅದು ಅಪವಾದ ರೀ.”

“ಜಿ-ಐ-ವಿ-ಇ?”

“ಅದೂ.”

“ಸಿ-ಒ-ಎಂ-ಇ?”

ಉತ್ತರ ಇಲ್ಲದಾಗ ದನಿ ಏರಿಸುವುದು ನಾನು ಚರ್ಚೆಯಲ್ಲಿ ಕಲಿತ ಮೊದಲ ವಿದ್ಯೆ. ಏರಿಸಿದೆ. ಘಾಟು ಗಂಟಲಿಗೆ ಹೊಕ್ಕು ಕೆಮ್ಮು ಹತ್ತಿತು.

“ನೀರ ಕುಡಿ ಮೊದ್ಲ, ಮೈದುನಪ್ಪಾ. ವಾದ ಎಲ್ಲೂ ಓಡಿ ಹೋಗೂದಿಲ್ಲ.”

ಮರುದಿನ ಯಾರೂ ಕರೆಯದಿದ್ದರೂ ಬಸ್ಸು ಹತ್ತಿ ಜೊತೆಗೆ ಹೋದೆ. ವೈನಿ ಹಲಗೆಯ ಮೇಲೆ ಬರೆದದ್ದು ನನ್ನ ನಿಯಮವನ್ನೇ. ಕೇಪ್, ಕೈಟ್ ಎಂದು ಮಕ್ಕಳು ಕೂಗಿದಂತೆಲ್ಲ ನಾನು ವರಾಂಡದ ಕಿಟಕಿಯಲ್ಲಿ ನಿಂತು ಗೆದ್ದವನಂತೆ ತಲೆಯಾಡಿಸಿದೆ. ಆಗ ಒಬ್ಬಳು ಎದ್ದು ನಿಂತಳು.

“ಮಿಸ್, ನಮ್ಮ ಸಾಲಿ ಬೋರ್ಡಿನ್ಯಾಗ ಆರ್-ಎ-ಎನ್-ಇ ಅಂತ ಬರದಾರ್ರಿ. ಹಂಗಾರ ನಮ್ಮೂರು ರೇನ್‌ಬೆನ್ನೂರೇನ್ರಿ?”

“ಹಾವೇರಿ ಹ್ಯಾವ್ ರೀ!” ಎಂದ ಹಿಂದಿನ ಬೆಂಚಿನವನು, ಇಂಗ್ಲಿಷಿಗೂ ನಮ್ಮ ಕಡೆಯ ಮರ್ಯಾದೆ ಹಚ್ಚಿ.

ತರಗತಿ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿ ಕುಳಿತಿದ್ದ ಹೆಡ್‌ಮಾಸ್ತರರು ಮಾತ್ರ ನಗಲಿಲ್ಲ. 

ನೌಕರಿ ಹೋಯಿತು ಎಂದುಕೊಂಡೆ. ಅದನ್ನು ಉಳಿಸಲು ಕಿಟಕಿಯಿಂದಲೇ, “ಊರಿನ ಹೆಸರು ಲೆಕ್ಕಕ್ಕಿಲ್ಲ! ಅಪವಾದ!” ಎಂದು ಕೈ ಬೀಸಿದೆ. ವೈನಿ ಬಂದು ನನ್ನ ಮುಖದ ಮೇಲೆ ಕಿಟಕಿ ಹಾಕಿದರು.

ಮುಂದಿನದು ಕಿವಿಗೆ ಬಿದ್ದದ್ದಷ್ಟೇ. ಮೊದಲು ವೈನಿಯ ದನಿ:

“ಈ ರೂಲು ಎಲ್ಲಿ ನಡೀತದ, ಎಲ್ಲಿ ಕೈ ಕೊಡ್ತದ, ನೀವ ಹುಡುಕ್ರಿ. ನಮ್ಮೂರು ಬ್ಯಾಡಗಿ, ಕಿವಿಗೆ ಕೇಳಿಸಿದಂಗ ಬರೀರಿ ನೋಡೂಣು.”

“ಬಿ-ಎ-ಡಿ, ಬ್ಯಾಡ್... ಮಿಸ್, ನಿಮ್ಮೂರು ಬ್ಯಾಡೇನ್ರಿ?”

ಈ ಸಲ ಮಕ್ಕಳ ನಗುವಿನೊಳಗೆ ಹೆಡ್‌ಮಾಸ್ತರರ ದಪ್ಪ ನಗುವೂ ಕೇಳಿಸಿತು.

ಕೆಲಸ ಸಿಕ್ಕಿತು. ಈಗ ಮನೆಗೆ ಯಾರೇ ಬರಲಿ, ವೈನಿ ಚಹಾ ಕೊಡುತ್ತ ನನ್ನತ್ತ ಕೈ ತೋರಿಸುತ್ತಾರೆ: “ಎಲ್ಲಾ ನಮ್ಮ ಮೈದುನ ಹೇಳಿಕೊಟ್ಟದ್ದರಿ.” ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಮೊನ್ನೆ ಬಂದವರು ಎದ್ದು ಹೋದ ಮೇಲೆ ಕೇಳಿಯೇ ಬಿಟ್ಟೆ:

“ವೈನಿ, ಖರೇ ಹೇಳ್ರಿ, ನೀವು ನನ್ನ ಹೊಗಳಾಕತ್ತೀರೋ, ಕಾಡಸಾಕತ್ತೀರೋ?”