ಕೊಯ್ಲಿನ ಎಲೆಗಾಗಿ ದಿಲ್ಲಿಗೆ

ಹಳಿಯಾಳದಿಂದ ನಾವು ಹೊರಟ ಮುಂಜಾನೆ ಬಸ್ಸು ಬಹಳ ಹೊತ್ತು ಸುರುವಾಗಲೇ ಇಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಕ್ಲೀನರು ಗಾಳಿ ಹಾಕುವ ಚಕ್ರ ತಿರುಗಿಸಿ ತಿರುಗಿಸಿ ಬೆವತುಹೋದ. ನನ್ನ ಜೊತೆಗಾರ ರುದ್ರಗೌಡರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಕ್ತುಂಸಾಬ್ರ, ಹಿಂಗ ಉರಿ ಹಚ್ಕೋತ ಹ್ವಾದ್ರ ನಾವು ದಿಲ್ಲಿ ಮುಟ್ಟೂದರಾಗ ಭತ್ತ ಉದುರಿ ಮತ್ತ ಮೊಳಕಿ ಒಡದಿರತೈತಿ" ಎಂದರು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಗೌಡರು ಮಾತ್ರ ನಗಲಿಲ್ಲ. ಅವರ ಭತ್ತದ ಚಿಂತೆ ನಿಜವಾದದ್ದೇ ಆಗಿತ್ತು.

ಗೌಡರದು ಮುಂಡಗೋಡದ ಹತ್ತಿರದ ಊರು. ಆ ಕಡೆಯ ಭತ್ತದ ಕೊಯ್ಲಿಗೆ ಜೋಯಿಡಾದ ಗುಡ್ಡಗಳಿಂದ ಕುಣಬಿ ಜನ ಇಳಿದು ಬರುತ್ತಾರೆ. ಸಂಜೆ ಕೂಲಿಯ ಕಾಳಿನ ಜೊತೆಗೆ ಒಬ್ಬೊಬ್ಬರಿಗೆ ಒಂದು ಹಿಡಿ ತಂಬಾಕಿನ ಎಲೆ ಕೊಡುವುದು ಹಿಂದಿನಿಂದ ಬಂದ ರೂಢಿ. ಹಿತ್ತಲಲ್ಲಿ ಬೆಳೆದು ಸೂರಿನ ಕೆಳಗೆ ಒಣಗಿಸಿದ ಎಲೆ. ಕಾಳು ಒಂದು ಬೊಗಸೆ ಕಡಿಮೆಯಾದರೆ ತಡೆದುಕೊಳ್ಳುತ್ತಾರೆ, ಎಲೆ ಕೊಡದ ಹೊಲಕ್ಕೆ ಮರುದಿನ ಯಾರೂ ಕಾಲಿಡುವುದಿಲ್ಲ. ತಂಬಾಕಿನ ಮೇಲೆ ಸರ್ಕಾರ ಸುಂಕ ಹಾಕಿದಾಗ ಮನೆಯ ಖರ್ಚಿನ ಎಲೆಯನ್ನು ಬಿಟ್ಟಿತ್ತು. ಈಗ ಆ ಕಾನೂನಿಗೆ ತಿದ್ದುಪಡಿ ತರಲು ಹೊರಟ ಹೊಸ ಮಸೂದೆಯಲ್ಲಿ, ಮನೆಯಿಂದ ಹೊರಗೆ ಕೊಟ್ಟ ಎಲೆಯೆಲ್ಲ ಮಾರಾಟವೇ ಎಂದು ಬರೆದಿದ್ದರು. ಅಂದರೆ ಕೊಯ್ಲಿನವರಿಗೆ ಎಲೆ ಕೊಡಬೇಕಾದರೂ ಲೈಸೆನ್ಸು ಬೇಕು. ಈ ಸುದ್ದಿ ಗುಡ್ಡ ಹತ್ತುವಷ್ಟರಲ್ಲಿ ಇನ್ನಷ್ಟು ಬೆಳೆದಿತ್ತು. ಕೊಟ್ಟವರನ್ನೂ ತಗೊಂಡವರನ್ನೂ ಹಿಡಿಯುತ್ತಾರಂತೆ ಎಂದು ಹೆದರಿ, ಈ ಸಲ ಬರುವುದಿಲ್ಲ ಎಂದು ಕುಣಬಿಗಳು ಹೇಳಿಕಳಿಸಿದ್ದರು. ಭತ್ತ ಆಗಲೇ ಹಳದಿ ತಿರುಗುತ್ತಿತ್ತು.

ನಮ್ಮ ಭಾಗದ ಪರವಾಗಿ ದಿಲ್ಲಿಯ ಶಾಸನಸಭೆಯಲ್ಲಿ ಒಬ್ಬ ವಕೀಲರು ಕುಳಿತಿದ್ದರು. ರೂಢಿ ಬಲ್ಲವರೊಬ್ಬರು ಬಂದು ತಿಳಿಸಿ ಹೇಳಿದರೆ ತಾವು ತಿದ್ದುಪಡಿ ಸೂಚಿಸುವುದಾಗಿ ಅವರು ಬರೆದರು. ರೂಢಿ ಬಲ್ಲವರು ಗೌಡರು. ಹಳಿಯಾಳದಲ್ಲಿ ತಂಬಾಕಿನ ವ್ಯಾಪಾರ ಮಾಡುವ ನಾನು, ಮನೆಯಲ್ಲಿ ಉರ್ದು ಆಡುವವನು ಎಂಬ ಕಾರಣಕ್ಕೆ ದುಭಾಷಿ.

ಅಳ್ನಾವರದಲ್ಲಿ ರೈಲು ಹಿಡಿದೆವು. ಪುಣೆಯ ತನಕ ಕೂತೆವು, ಅಲ್ಲಿಂದ ಮುಂದೆ ಬಹುಪಾಲು ನಿಂತೆವು. ಡಬ್ಬಿಯ ತುಂಬ ಸಿಪಾಯಿಗಳು. ಆದರೂ ಗೌಡರು ಬೆಳಿಗ್ಗೆ ಲಿಂಗಪೂಜೆಗೆ ಕೂಡುತ್ತಾರೆಂದು ನಾನು ಹೇಳಿದಾಗ ಒಬ್ಬ ಪಠಾಣ ಸಿಪಾಯಿ ಎದ್ದು ತನ್ನ ಜಾಗ ಬಿಟ್ಟುಕೊಟ್ಟ, ಪೂಜೆ ಮುಗಿಯುವ ತನಕ ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಆ ಕಡೆ ತುಳಿಯಗೊಡಲಿಲ್ಲ. ಅವನ ಹೆಸರು ಕೇಳುವುದನ್ನು ಮರೆತೆ. ಅವನಿಗೆ ಈಗಲೂ ನನ್ನ ದುವಾ ಇದೆ. ಗೌಡರ ಮನೆಯವರು ಕಟ್ಟಿಕೊಟ್ಟ ಜೋಳದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ ಝಾಂಸಿಯ ತನಕ ಬಂದವು. ಅಲ್ಲಿಂದ ಮುಂದೆ ಪೂರಿ.

ದಿಲ್ಲಿಯಲ್ಲಿ ಇಳಿದಾಗ ಚಳಿ. ನಾನು ಟಾಂಗಾದವನ ಜೊತೆ ಬಾಡಿಗೆ ಚೌಕಾಸಿ ಮಾಡಿದೆ. ನನ್ನ ಉರ್ದು ಕೇಳಿ ಅವನು ಕುದುರೆಯ ಕಡೆ ತಿರುಗಿ, "ಕೇಳಿದೆಯಾ, ದಖ್ಖನ್ನಿನವರು ಬಂದಿದ್ದಾರೆ" ಎಂದ. "ಏನಂದ್ರಿ ಅಂವ?" ಎಂದು ಗೌಡರು ಕೇಳಿದರು. ನಿಜ ಹೇಳಿದೆ. "ಹಂಗಾರ ನಿಮ್ಮ ಉರ್ದು ಕುದರೀಗೆ ತಿಳೀತೈತಿ. ಚಿಂತಿಲ್ಲ" ಎಂದು ಅವರು ಮೇಲೆ ಹತ್ತಿ ಕೂತರು. ಎಂಟಾಣೆಗೆ ಜಾಮಾ ಮಸೀದಿಯ ಹಿಂದೆ ಪ್ರಯಾಣಿಕರು ತಂಗುವ ಸರಾಯಿಗೆ ತಂದು ಬಿಟ್ಟ. ಸರಾಯಿಯ ಮುದುಕ ಮಾಲಕ, ಗೌಡರು ಮಾಂಸ ಮುಟ್ಟುವವರಲ್ಲ ಎಂದು ತಿಳಿದು, ಹೊಸ ಮಣ್ಣಿನ ಕೊಡ ತರಿಸಿ ಅವರಿಗೆಂದೇ ಬೇರೆ ನೀರು ಇಡಿಸಿದ. ಅದಕ್ಕೆ ದುಡ್ಡು ಕೊಡಹೋದರೆ ಸಿಟ್ಟಾದ.

ಮರುದಿನ ವಕೀಲರ ಬಿಡಾರಕ್ಕೆ ಹೋದೆವು. ಚಹಾ ಕೊಟ್ಟು ಕೂಡಿಸಿಕೊಂಡು ಮಸೂದೆಯ ದಾರಿಯನ್ನು ವಿವರಿಸಿದರು. ಮೊದಲು ಸಭೆಯಲ್ಲಿ ಮಂಡಿಸುತ್ತಾರೆ. ಆಮೇಲೆ ಕೆಲವೇ ಸದಸ್ಯರ ಸಮಿತಿಗೆ ಒಪ್ಪಿಸುತ್ತಾರೆ, ಅಲ್ಲಿ ಕೂತು ಅಳೆದು ತೂಗುತ್ತಾರೆ. ತಿರುಗಿ ಸಭೆಗೆ ಬಂದಾಗ ಒಂದೊಂದೇ ಕಲಮು ತೆಗೆದು ಚರ್ಚೆ, ತಿದ್ದುಪಡಿ, ಮತ. ಕೊನೆಗೆ ಇಡೀ ಮಸೂದೆಗೆ ಮತ. ಅಲ್ಲಿ ಗೆದ್ದರೆ ಮೇಲ್ಮನೆ. ಮೇಲ್ಮನೆಯೂ ಒಪ್ಪಿದರೆ ವೈಸರಾಯರ ಸಹಿ. ಸಹಿಯಾಗಿ ಗೆಜೆಟ್ಟಿನಲ್ಲಿ ಅಚ್ಚಾದಾಗ ಕಾನೂನು.

ಗೌಡರು ಎಲ್ಲ ಕೇಳಿ, "ಇದು ನಮ್ಮ ಲಗ್ನದ ಗತೀನ ಐತಲ್ರೀ ವಕೀಲ್ರ" ಎಂದರು. "ಹೆಣ್ಣ ತೋರ್ಸೂದು, ಹಿರೇರು ಒಳಗ ಕುಂತು ಮಾತಾಡೂದು, ಎಲ್ಲಾರ ಮುಂದ ಕೊಡೂದು ಬಿಡೂದು ಜಗ್ಗ್ಯಾಡೂದು, ಆಮ್ಯಾಲ ಬೀಗರ ಮನೀ ಒಪ್ಪಿಗಿ."

"ಮತ್ತ ವೈಸರಾಯ್ರು?" ಎಂದು ವಕೀಲರು ನಗುತ್ತ ಕೇಳಿದರು.

"ಅವ್ರು ಅಕ್ಕಿಕಾಳ ಹಾಕವ್ರು. ಬರಲಿಲ್ಲಂದ್ರ ನಡಿಯೂದಿಲ್ಲ, ಬಂದ್ರ ಊಟಕ್ಕ ಮೊದಲ್ನೇ ಪಂಕ್ತಿ."

ವಕೀಲರು ನಕ್ಕು ಮುಗಿಸಿ ಕೆಲಸಕ್ಕೆ ಕೂತರು. ಎಲೆಯನ್ನು ಯಾರು ಕೊಡುತ್ತಾರೆ, ಯಾವಾಗ, ಎಷ್ಟು, ತಗೊಂಡವರು ಮಾರುತ್ತಾರೆಯೇ ಎಂದು ಕೆದಕಿ ಕೆದಕಿ ಕೇಳಿದರು. ಸಮಿತಿಯ ಕೆಲಸ ಮುಗಿದುಹೋಗಿತ್ತು. ಉಳಿದದ್ದು ಒಂದೇ ಅವಕಾಶ, ಸಭೆಯಲ್ಲಿ ಆ ಕಲಮು ಬಂದಾಗ ತಿದ್ದುಪಡಿ. ನಮಗೆ ಗ್ಯಾಲರಿಯ ಪಾಸು ಕೊಡಿಸಿ, "ಮ್ಯಾಲೆ ಸುಮ್ನ ಕುಂಡ್ರಬೇಕು" ಎಂದು ಹೇಳಿ ಕಳಿಸಿದರು.

ಸಭಾಭವನ ದುಂಡಗಿನದು. ಸುತ್ತಲೂ ಕಲ್ಲಿನ ಕಂಬಗಳು. ನಮ್ಮ ದಾಂಡೇಲಿಯ ಅಡವಿಯ ಸಾಗವಾನಿ ಮರಗಳನ್ನು ಸಾಲಾಗಿ ನಿಲ್ಲಿಸಿ ಸುಣ್ಣ ಬಳಿದಂತೆ ಕಂಡವು. ಗ್ಯಾಲರಿಯಲ್ಲಿ ಕೆಂಪು ಪೇಟದ ಜವಾನರು ನಮ್ಮನ್ನು ಮುಂದಿನ ಸಾಲಿನಲ್ಲಿ ಕೂಡಿಸಿದರು. ಕೆಳಗೆ ಎಲ್ಲ ಇಂಗ್ಲಿಷು. ನನಗೆ ಅಲ್ಲೊಂದು ಇಲ್ಲೊಂದು ಶಬ್ದ ಹತ್ತುತ್ತಿತ್ತು. ನಮ್ಮ ವಕೀಲರು ಎದ್ದದ್ದು ಮಧ್ಯಾಹ್ನ. ಕೈಯಲ್ಲಿ ಹಿಡಿ ಮಾಡಿ ತೋರಿಸಿ ಏನೋ ಹೇಳಿದರು. ಸಭೆ ನಕ್ಕಿತು. ಸರ್ಕಾರದ ಕಡೆಯವರು ಉತ್ತರ ಕೊಟ್ಟರು, ಮುಖ ಬಿಗಿದಿರಲಿಲ್ಲ. ಅಧ್ಯಕ್ಷರು ಏನೋ ಕೇಳಿದರು. ಒಂದು ಕಡೆಯಿಂದ ಒಮ್ಮೆಲೇ "ಹೌದು" ಎಂಬ ಕೂಗು.

"ಆತೇನ್ರಿ?" ಎಂದು ಗೌಡರು ನನ್ನ ತೋಳು ಹಿಡಿದರು.

"ಆದಂಗ ಐತ್ರಿ" ಎಂದೆ. ಹಾಗೆ ಹೇಳಬಾರದಿತ್ತು.

ಗೌಡರ ಊರಿನ ಚಾವಡಿಯಲ್ಲಿ ಒಂದು ಪದ್ಧತಿ. ಯಾರ ಕೆಲಸಕ್ಕಾಗಿ ಹಿರಿಯರು ಕೂತರೋ ಅವನು, ತೀರ್ಮಾನವಾದ ಕೂಡಲೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ "ಒಪ್ಪಿದೆ" ಎನ್ನಬೇಕು. ಅನ್ನದಿದ್ದರೆ ಅವನಿಗೆ ಮನಸ್ಸಿಲ್ಲ ಎಂದು ಲೆಕ್ಕ. ಕೂತವರಿಗೆ ಅವಮಾನ, ತೀರ್ಮಾನ ಬಿದ್ದಂತೆ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಮನುಷ್ಯ ಎದ್ದೇ ಬಿಟ್ಟರು. ರುಮಾಲು ಸರಿಮಾಡಿಕೊಂಡು, ಕೈ ಜೋಡಿಸಿ, ಹೊಲದ ಆ ತುದಿಗೆ ಕೇಳುವ ದನಿಯಲ್ಲಿ, "ಒಪ್ಪಿದೆ ರೀ ಯಪ್ಪಾ! ನಿಮಗೆಲ್ಲಾ ಪುಣ್ಯಾ ಬರ್ಲಿ!" ಎಂದರು.

ಸಭೆಯೆಲ್ಲ ಕತ್ತೆತ್ತಿ ನೋಡಿತು. ಇಬ್ಬರು ಜವಾನರು ಗೌಡರ ಎರಡೂ ತೋಳು ಹಿಡಿದರು. ಮೂರನೆಯವನು ನನ್ನನ್ನು ಎಬ್ಬಿಸಿದ. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಇಡೀ ಕಟ್ಟಡದ ತುಂಬ ಗಂಟೆ ಬಾರಿಸತೊಡಗಿತು. ಅತ್ತಿತ್ತಲಿಂದ ಸದಸ್ಯರು ದಡದಡನೆ ಒಳಗೆ ಓಡಿದರು. ಗೌಡರ ಮುಖ ಬೆಳ್ಳಗಾಯಿತು. "ಸಾಬ್ರ, ನನ್ನ ಸಲುವಾಗಿ ಗಂಟಿ ಬಾರ್ಸಲಿಕ್ಕತ್ತಾರ. ನಾ ಎಲ್ಲಾ ಕೆಡಿಸಿದ್ನ್ಯಾ. ಊರಿಗೆ ಹೋಗಿ ಯಾವ ಮಕಾ ತೋರಸ್ಲಿ?"

ನನಗೂ ಏನೂ ತಿಳಿಯದು. ಹೊರಗಿನ ಕಟ್ಟೆಯ ಮೇಲೆ ಕೂತೆವು. ನಮ್ಮನ್ನು ಹೊರಗೆ ಹಾಕಿದ ಜವಾನರಲ್ಲೊಬ್ಬ, ಪಂಜಾಬಿನ ಮುದುಕ, ಗೌಡರಿಗೆ ಲೋಟದಲ್ಲಿ ನೀರು ತಂದುಕೊಟ್ಟ. "ಇವರು ಯಾರನ್ನು ಬೈದರು?" ಎಂದು ನನ್ನನ್ನು ಕೇಳಿದ. ಬೈದದ್ದಲ್ಲ, ಹರಸಿದ್ದು ಎಂದೆ. ಅವನು ಗಡ್ಡ ನೀವಿಕೊಂಡು, "ಹರಸಿದ್ದಕ್ಕೆ ಹೊರಗೆ ಹಾಕಿದ್ದು ನನ್ನ ನೌಕರಿಯಲ್ಲಿ ಇದೇ ಮೊದಲು" ಎಂದ.

ವಕೀಲರು ಹೊರಬಂದಾಗ ಹೊತ್ತು ಇಳಿದಿತ್ತು. ಗೌಡರು ಎದ್ದು ತಲೆ ತಗ್ಗಿಸಿ ನಿಂತರು. ವಕೀಲರು ಮೊದಲು ಹೇಳಿದ್ದೇ, "ಆತು, ತಿದ್ದುಪಡಿ ಗೆದ್ದೈತಿ." ಆಮೇಲೆ ವಿವರ ಹೇಳಿದರು. ಹೌದೆಂದ ಕೂಗಿನ ಹಿಂದೆಯೇ ಕೆಲವರು ಅಲ್ಲ ಎಂದಿದ್ದರು, ತಲೆ ಎಣಿಸಬೇಕೆಂದು ಹಟ ಹಿಡಿದಿದ್ದರು. ಅದಕ್ಕೇ ಗಂಟೆ. ಹೌದೆನ್ನುವವರು ಒಂದು ಪಡಸಾಲೆಗೆ, ಅಲ್ಲ ಎನ್ನುವವರು ಇನ್ನೊಂದಕ್ಕೆ ನಡೆದುಹೋಗಿ ಎಣಿಕೆ ಕೊಡಬೇಕು. ಕೊಯ್ಲಿನವರಿಗೆ ರೂಢಿಯಂತೆ ಕೊಡುವ ಎಲೆ ಮಾರಾಟವಲ್ಲ ಎಂಬ ಮಾತು ಕೆಲವೇ ಮತಗಳಿಂದ ಗೆದ್ದು ಕಲಮಿನೊಳಗೆ ಸೇರಿತ್ತು.

"ನನ್ನ ಮಾತಿಂದ ಏನೂ ಕೆಟ್ಟಿಲ್ಲಲ್ರಿ?"

"ಇಲ್ಲ. ಗ್ಯಾಲರಿಯಾಗಿನವರ ಮಾತು ಲೆಕ್ಕಕ್ಕಿಲ್ಲ ಗೌಡ್ರ. ಬರದೂ ಕೊಂಡಿಲ್ಲ."

ಗೌಡರಿಗೆ ಜೀವ ಬಂತು. ಸ್ವಲ್ಪ ದೂರ ನಡೆದ ಮೇಲೆ ಮಾತ್ರ ಮೆಲ್ಲಗೆ, "ನಾ ಒಪ್ಪಿದ್ದನ್ನರೆ ಬರಕೋಬೇಕಿತ್ತು" ಎಂದರು.

ಮೇಲ್ಮನೆಯ ಚರ್ಚೆಗೆ ನಮಗೆ ಪಾಸು ಸಿಗಲಿಲ್ಲ. ಕೇಳುವ ಧೈರ್ಯವೂ ನಮಗಿರಲಿಲ್ಲ. ಆ ದಿನಗಳಲ್ಲಿ ಕುತುಬ್ ಮಿನಾರು ನೋಡಿದೆವು, ಚಾಂದನಿ ಚೌಕದಲ್ಲಿ ಜಿಲೇಬಿ ತಿಂದೆವು. ಗೌಡರಿಗೆ ಯಾವುದರ ಮೇಲೂ ಲಕ್ಷ್ಯವಿರಲಿಲ್ಲ. ಮೇಲ್ಮನೆ ಒಪ್ಪಿತೆಂದು ತಿಳಿದ ಸಂಜೆಯೇ ಗಾಡಿ ಹತ್ತಿದೆವು. ಸಹಿಯಾಗಿ ಗೆಜೆಟ್ಟಿಗೆ ಬಂದ ಕೂಡಲೇ ಹಳಿಯಾಳಕ್ಕೆ ತಂತಿ ಕೊಡುತ್ತೇನೆಂದು ವಕೀಲರು ಮಾತು ಕೊಟ್ಟಿದ್ದರು.

ಹಳಿಯಾಳ ಮುಟ್ಟಿದಾಗ ತಂತಿ ಬಂದಿರಲಿಲ್ಲ. ಗೌಡರು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತರು, ನಮ್ಮ ಮನೆಯವರು ಒಳಗೆ ಕರೆದರೂ ಏಳಲಿಲ್ಲ. ಮೂರನೆಯ ದಿನ ಪೋಸ್ಟ್ ಮಾಸ್ತರರು ಜವಾನನನ್ನು ಕಳಿಸದೆ ತಾವೇ ತಂತಿ ಹಿಡಿದುಕೊಂಡು ಪೇಟೆಯ ನಡುವೆ ಬಂದರು. "ಸಹಿ ಆತ್ರಿ ಗೌಡ್ರ!" ಎಂದು ದೂರದಿಂದಲೇ ಕೂಗಿದರು. ಅಷ್ಟು ದೊಡ್ಡ ನೌಕರಿಯವರು ಬಿಸಿಲಲ್ಲಿ ನಡೆದು ಬಂದದ್ದನ್ನು ನಾನು ಮರೆಯಲಾರೆ.

ಗೌಡರು ಊರಿಗೆ ಹೋಗಲಿಲ್ಲ, ಗುಡ್ಡದ ದಾರಿ ಹಿಡಿದರು. ಸುದ್ದಿ ಮುಟ್ಟಬೇಕಾದದ್ದು ಅಲ್ಲಿಗೆ. ನಾನೂ ಬೆನ್ನು ಹತ್ತಿದೆ. ಮರದ ಲಾರಿಯಲ್ಲಿ ದಾಂಡೇಲಿ, ಅಲ್ಲಿಂದ ಚಕ್ಕಡಿಯಲ್ಲಿ ಸೂಪಾ, ಆಮೇಲೆ ಜೋಯಿಡಾ ದಾಟಿ ಕಾಲುದಾರಿ. ಕುಣಬಿಗಳ ಕೇರಿಯಲ್ಲಿ ಜಾನಾಬಾಯಿ ಎಂಬ ಮುದುಕಿ ಕೊಯ್ಲಿನ ತಂಡದ ಮುಖ್ಯಸ್ಥೆ. "ಯಾ, ಬಸಾ" ಎಂದು ಕೊಂಕಣಿಯಲ್ಲಿ ಕರೆದು ಅಂಗಳದಲ್ಲಿ ಚಾಪೆ ಹಾಸಿದಳು, ರಾಗಿಯ ಅಂಬಲಿ ಕೊಟ್ಟಳು. ಹೆಂಗಸರು ಗಂಡಸರು ಸುತ್ತಲೂ ಸೇರಿದರು. ಗೌಡರು ದಿಲ್ಲಿಯ ಕಥೆಯನ್ನೆಲ್ಲ ಹೇಳಿದರು, ಹೊರಗೆ ಹಾಕಿದ್ದನ್ನೂ ಬಿಡಲಿಲ್ಲ. ಜನ ಬಿದ್ದು ಬಿದ್ದು ನಕ್ಕರು.

ಜಾನಾಬಾಯಿ ಮಾತ್ರ ನಕ್ಕು ಸುಮ್ಮನಾಗುವವಳಲ್ಲ. "ಗೌಡಾ, ಆ ಕಾಯದೇದಾಗ ಏನ ಬರದಾರ? ನಮಗ ಎಲಿ ಕೊಡಬೇಕು ಅಂತ ಐತೋ, ಕೊಟ್ರ ಹಿಡಿಯೂದಿಲ್ಲ ಅಂತ ಐತೋ?"

ಗೌಡರು ಇದ್ದದ್ದನ್ನೇ ಹೇಳಿದರು. "ಕೊಟ್ರ ಹಿಡಿಯೂದಿಲ್ಲ ಅಂತ ಐತಿ, ಬಾಯಿ."

"ಅಂದ್ರ ಕೊಡೂದು ಬಿಡೂದು ನಿನ್ನ ಖುಷಿ! ಇಷ್ಟಕ್ಕ ದಿಲ್ಲೀ ತನಕ ಹೋಗಿದ್ದೇನ?"

ಗೌಡರು ನನ್ನ ಕಡೆ ತಿರುಗಿದರು. "ಸಾಬ್ರ, ನೀವರೆ ಒಂದ ಮಾತ ಹೇಳ್ರಿ."

"ನಾ ಗ್ಯಾಲರಿಯಾಗ ಕುಂತೇನ್ರಿ" ಎಂದೆ.

ಆಮೇಲೆ ನಡೆದ ಚರ್ಚೆ ದಿಲ್ಲಿಯದಕ್ಕಿಂತ ಜೋರು. ಹಿಡಿ ಎಂದರೆ ಯಾರ ಹಿಡಿ, ಕೊಡುವವರದೋ ತಗೊಳ್ಳುವವರದೋ? ತುಂಬು ಬಸುರಿ ಬಂದರೆ ಅವಳಿಗೆಷ್ಟು? ಮಳೆ ಹನಿದು ಕೊಯ್ಲು ನಿಂತ ದಿನ ಎಲೆ ಉಂಟೋ ಇಲ್ಲವೋ? ಗೌಡರು ಒಂದೊಂದಕ್ಕೂ ಜಗ್ಗಾಡಿ, ಒಂದೊಂದಕ್ಕೂ ಸೋತರು. ಸೋಲುತ್ತ ಹೋದಂತೆ ಅವರ ಮುಖ ಅರಳುತ್ತ ಹೋಯಿತು. ಬರುವುದಿಲ್ಲ ಎನ್ನುವವರು ಇಷ್ಟು ಜಗಳ ಆಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಜಾನಾಬಾಯಿ ತನ್ನ ಒಣ ಕೈ ಮುಂದೆ ಚಾಚಿ ಬೆರಳು ಬಿಡಿಸಿ, "ಹಿಡಿ ಅಂದ್ರ ಇದು" ಎಂದಳು. ಗೌಡರು ಆ ಕೈ ನೋಡಿ ತಲೆಯಾಡಿಸಿದರು.

ನನಗೆ ಅಂಗಡಿ ಇತ್ತು, ಸಂತೆ ಹತ್ತಿರ ಬಂದಿತ್ತು. ಗೌಡರು ತಂಡದ ಜೊತೆಗೇ ಇಳಿಯುತ್ತೇನೆಂದು ಅಲ್ಲೇ ಉಳಿದರು. ನಾನು ಒಬ್ಬನೇ ಕಾಲುದಾರಿ ಇಳಿದು, ಹಳ್ಳ ದಾಟುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿದೆ. ಕೇರಿ ಮರಗಳ ಹಿಂದೆ ಮರೆಯಾಗಿತ್ತು. ಆದರೆ ಮೇಲಿಂದ ಸದ್ದು ಕೇಳಿಬರುತ್ತಿತ್ತು. ಮೊದಲು ಒಂದು ಅಂಗಳದಿಂದ, ಆಮೇಲೆ ಅದರ ಪಕ್ಕದ್ದರಿಂದ, ಆಮೇಲೆ ಇಡೀ ಕೇರಿಯಿಂದ, ಕಲ್ಲಿನ ಮೇಲೆ ಕುಡಗೋಲು ಮಸೆಯುವ ಸದ್ದು.